ಹೊಗಳಿಕೆ ಸಾಕು, ಓದುಗರನ್ನು ಕೊಡಿ

ಕೊಪ್ಪಳದಲ್ಲಿ ಯಾವ ಸಾಹಿತ್ಯ ಸಭೆ ನಡೆದರೂ ಕವಿರಾಜಮಾರ್ಗದ ಹೆಸರು ಬಾರದೆ ಮುಗಿಯುವುದಿಲ್ಲ. ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಸಾಲಿನಲ್ಲಿ ನಮ್ಮ ಕೊಪಣವನ್ನೂ ಕೂಡಿಸಿ, ಈ ಊರುಗಳ ನಡುವಿನ ಕನ್ನಡವೇ ಕನ್ನಡದ ತಿರುಳು ಎಂದು ಒಂಬತ್ತನೆಯ ಶತಮಾನದ ಆ ಗ್ರಂಥ ಹೇಳಿತಲ್ಲ, ಅದನ್ನು ಸ್ವಾಗತ ಕೋರುವವರು ಹೇಳುತ್ತಾರೆ, ಉದ್ಘಾಟಕರು ಹೇಳುತ್ತಾರೆ, ವಂದನಾರ್ಪಣೆಗೆ ಎದ್ದವರೂ ಒಮ್ಮೆ ಹೇಳಿಯೇ ಕೂಡುತ್ತಾರೆ. ಹೇಳಲಿ, ತಪ್ಪಿಲ್ಲ. ಆದರೆ ಅದೇ ಗ್ರಂಥದ ಇನ್ನೊಂದು ಸಂಗತಿಯನ್ನು ನಮ್ಮ ವೇದಿಕೆಗಳು ಎತ್ತುವುದಿಲ್ಲ. ನೃಪತುಂಗನ ಆಸ್ಥಾನದ ಶ್ರೀವಿಜಯ ತನಗಿಂತ ಮೊದಲು ಕನ್ನಡದಲ್ಲಿ ಬರೆದವರ ಹೆಸರುಗಳನ್ನು ಅಲ್ಲಿ ಕೊಟ್ಟಿದ್ದಾನೆ. ಗದ್ಯದಲ್ಲಿ ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯದಲ್ಲಿ ಕವೀಶ್ವರ, ಚಂದ್ರ, ಲೋಕಪಾಲ, ಹೀಗೆ. ಇವರ ಕನ್ನಡ ಕೃತಿಗಳಲ್ಲಿ ಒಂದೂ ನಮ್ಮ ಕೈ ಸೇರಿಲ್ಲ. ಆದರೂ ಇಂದಿಗೂ ಕನ್ನಡ ಎಂ.ಎ. ಮಾಡುವ ಹುಡುಗಿ ಈ ಹೆಸರುಗಳನ್ನು ಬಾಯಿಪಾಠ ಮಾಡುತ್ತಾಳೆ. ಇನ್ನೊಬ್ಬ ಬರಹಗಾರ ತನ್ನ ಓದುಗರ ಮುಂದೆ ಅವರ ಹೆಸರು ಹೇಳಿದ ಎಂಬುದೊಂದೇ ಅದಕ್ಕೆ ಕಾರಣ.

ಬರೆಯುವವನಿಗೆ ಓದುಗರು ಎಲ್ಲಿಂದ ಬರುತ್ತಾರೆ ಎಂಬ ಪ್ರಶ್ನೆಗೆ ನಾನು ಕೊಡುವ ಉತ್ತರ ಇಲ್ಲಿಂದಲೇ ಶುರುವಾಗುತ್ತದೆ. ಬಹುಪಾಲು ಓದುಗರು ಇನ್ನೊಬ್ಬ ಬರಹಗಾರನಿಂದ ಬರುತ್ತಾರೆ. ಆದರೆ ಆ ಇನ್ನೊಬ್ಬ ಯಾರು, ಅವನ ಜೊತೆ ನಮ್ಮ ಲೇವಾದೇವಿ ಎಂಥದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ನಾವು ಆ ಲೇವಾದೇವಿಯನ್ನು ತಲೆಕೆಳಗಾಗಿ ಮಾಡುತ್ತಿದ್ದೇವೆ ಎಂಬುದು ನನ್ನ ತಕರಾರು.

ಬರೆಯುವವರಿಗೆ ನಮ್ಮಲ್ಲಿ ಬರವಿಲ್ಲ. ಬರ ಇರುವುದು ಓದುವವರಿಗೆ. ಇಲ್ಲಿಯ ಒಂದು ಕವನ ಸಂಕಲನದ ಆಯುಷ್ಯವನ್ನು ಹತ್ತಿರದಿಂದ ನೋಡಿ. ಕವಿ ಕನ್ನಡ ಶಾಲೆಯ ಮಾಸ್ತರರೋ, ಬ್ಯಾಂಕಿನ ಕ್ಲರ್ಕೋ ಆಗಿರುತ್ತಾರೆ. ಕೈಯಿಂದ ದುಡ್ಡು ಹಾಕಿ ಐನೂರು ಪ್ರತಿ ಅಚ್ಚು ಹಾಕಿಸುತ್ತಾರೆ. ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಯೋಜನೆಯಲ್ಲಿ ಆಯ್ಕೆಯಾದರೆ ಮುನ್ನೂರು ಪ್ರತಿ ಅತ್ತ ಹೋಗುತ್ತವೆ. ದುಡ್ಡು ಬರುವುದು ಅದು ಬಂದಾಗ. ಬಿಡುಗಡೆಯ ದಿನ ವೇದಿಕೆಯ ಮೇಲಿದ್ದವರಿಗೆ, ಬೀಗರಿಗೆ, ಪರಿಚಯದ ಪತ್ರಕರ್ತರಿಗೆ, ಮಠಕ್ಕೆ ಎಂದು ನೂರು ಪ್ರತಿ ಗೌರವಪೂರ್ವಕ ಹೋಗುತ್ತವೆ. ಉಳಿದ ನೂರು ಕಟ್ಟು ಬಿಚ್ಚದೆ ಮಂಚದ ಕೆಳಗೆ ಸೇರುತ್ತವೆ. ಇಷ್ಟರಲ್ಲಿ ಅಂಗಡಿಗೆ ಹೋಗಿ, ಕಿಸೆಯಿಂದ ದುಡ್ಡು ತೆಗೆದು, ಪುಸ್ತಕ ಕೊಂಡು ಓದಿದವನೊಬ್ಬ ಎಲ್ಲಿದ್ದಾನೆ? ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಬರೆಸಿ ಹಂಚಿದಳು. ಅವಳು ಬಸದಿ ಕಟ್ಟಿಸಿದ ಲಕ್ಕುಂಡಿ ಕೊಪ್ಪಳದಿಂದ ಗದಗಿನ ದಾರಿಯಲ್ಲೇ ಸಿಗುತ್ತದೆ. ಓಲೆಗರಿಯಲ್ಲಿ ಕಂಟದಿಂದ ಕೊರೆದು ಬರೆಯುವ ಕಾಲದ ಆ ಸಾವಿರವನ್ನು ಆಫ್‌ಸೆಟ್ ಮುದ್ರಣದ ಕಾಲದ ನಮ್ಮ ಕವಿ ಇನ್ನೂ ಮುಟ್ಟಿಲ್ಲ.

ಇದಕ್ಕೆ ಹಳೆಯ ಕಾರಣಗಳೂ ಇವೆ. 1948ರವರೆಗೆ ಈ ಸೀಮೆ ನಿಜಾಮನ ಆಳ್ವಿಕೆಯಲ್ಲಿತ್ತು. ಕೊಪ್ಪಳ ಸಾಲಾರ್ ಜಂಗರ ಜಹಗೀರಾಗಿತ್ತು. ಕಚೇರಿಯೂ ಉರ್ದು, ಶಾಲೆಯೂ ಉರ್ದು. ಧಾರವಾಡದಲ್ಲಿ ಕನ್ನಡ ಶಾಲೆ ಕಲಿತ ಮೂರು ತಲೆಮಾರು ಆಗಿಹೋದ ಮೇಲೆ ನಮ್ಮಲ್ಲಿ ಮೊದಲ ತಲೆಮಾರು ಪಾಟಿ ಹಿಡಿಯಿತು. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರು, ಅಂದರೆ ಕಾವ್ಯಾನಂದರು, ಇದೇ ಉರ್ದು ವಾತಾವರಣವನ್ನು ಹಾಯ್ದು ಕನ್ನಡದ ಕವಿಯಾದವರು. ಜಿಲ್ಲೆ ಎಂಬ ಗುರುತು ನಮಗೆ ಸಿಕ್ಕದ್ದು 1997ರಲ್ಲಿ, ರಾಯಚೂರಿನಿಂದ ಬೇರೆಯಾದಾಗ. ಓದುಗ ವರ್ಗವೊಂದು ಬೆಳೆಯಲು ಬೇಕಾದ ಕಾಲ ನಮಗೆ ಕಡಿಮೆಯೇ ಸಿಕ್ಕಿದೆ. ಇದು ನಿಜ. ಆದರೆ ಇದನ್ನೇ ಹೇಳುತ್ತ ಎಷ್ಟು ದಿನ ಕೂಡುವುದು? ವಿಲೀನವಾಗಿ ಎಪ್ಪತ್ತೈದು ವರ್ಷ ದಾಟಿದವು. 62ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಸಿಂಪಿ ಲಿಂಗಣ್ಣನವರ ಅಧ್ಯಕ್ಷತೆಯಲ್ಲಿ ಕೊಪ್ಪಳದಲ್ಲಿ ಆಯಿತು. 2011ರ ಡಿಸೆಂಬರಿನಲ್ಲಿ 78ನೆಯದು ಸಿ.ಪಿ. ಕೃಷ್ಣಕುಮಾರರ ಅಧ್ಯಕ್ಷತೆಯಲ್ಲಿ ಗಂಗಾವತಿಯಲ್ಲಿ ಆಯಿತು. ಪೆಂಡಾಲು ತುಂಬುತ್ತದೆ, ಊಟದ ಸಾಲು ಮುಗಿಯುವುದಿಲ್ಲ. ಸಮ್ಮೇಳನ ಎದ್ದ ಮಾರನೆಯ ತಿಂಗಳು ಊರಿನ ಕವಿ ಮತ್ತೆ ಒಬ್ಬಂಟಿ.

ಒಬ್ಬಂಟಿತನಕ್ಕೆ ನಾವು ಕಂಡುಕೊಂಡ ಮದ್ದು ಒಂದು ಗುಂಪು. ಅಲ್ಲಿ ನಾನು ನಿಮ್ಮ ಪುಸ್ತಕಕ್ಕೆ ಮುನ್ನುಡಿ ಬರೆಯುತ್ತೇನೆ, ನೀವು ನನ್ನದಕ್ಕೆ ಬೆನ್ನುಡಿ ಬರೆಯುತ್ತೀರಿ. ನಿಮ್ಮ ಬಿಡುಗಡೆಗೆ ನಾನು ಪುಸ್ತಕ ಪರಿಚಯ ಮಾಡುತ್ತೇನೆ, ನನ್ನ ಬಿಡುಗಡೆಗೆ ನೀವು ಬರುತ್ತೀರಿ. ಮೊಬೈಲಿನಲ್ಲಿ ಬೆಳಿಗ್ಗೆ ಒಂದು ಚುಟುಕು ಬಿದ್ದರೆ ಹತ್ತು ನಿಮಿಷದಲ್ಲಿ ಇಪ್ಪತ್ತು ಜನ ಕೈ ಮುಗಿಯುತ್ತಾರೆ. ಆ ಇಪ್ಪತ್ತು ಜನವೂ ಚುಟುಕು ಬರೆಯುವವರೇ. ಇದು ಮದುವೆ ಮನೆಯ ಆಯೇರಿಯ ಹಾಗೆ. ಅವರು ಮಾಡಿದ್ದನ್ನು ನೋಟಬುಕ್ಕಿನಲ್ಲಿ ಬರೆದಿಟ್ಟುಕೊಂಡು, ಅವರ ಮನೆಯ ಮದುವೆಗೆ ಅಷ್ಟೇ ತೂಕದ್ದನ್ನು ತಿರುಗಿಸುತ್ತೇವೆ. ಸಂಬಂಧ ಉಳಿಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಅದೇ ಸೀರೆ, ಅದೇ ಧೋತರ ಒಂದು ಮನೆಯಿಂದ ಇನ್ನೊಂದಕ್ಕೆ ತಿರುಗಾಡುತ್ತವೆಯೇ ಹೊರತು ಊರಿನ ಸಂಪತ್ತು ಒಂದು ಗೇಣೂ ಹೆಚ್ಚುವುದಿಲ್ಲ. ನಮ್ಮ ರೈತರಿಗೆ ಆಯೇರಿಯೂ ಗೊತ್ತು, ಮುಯ್ಯಾಳೂ ಗೊತ್ತು. ಈ ವಾರ ನಿಮ್ಮ ಹೊಲದ ಕಳೆ, ಮುಂದಿನ ವಾರ ನನ್ನದು. ಅಲ್ಲಿ ಕೈ ಬದಲಾಗುವುದು ದುಡಿಮೆ, ಆದ್ದರಿಂದ ಎರಡೂ ಹೊಲದಲ್ಲಿ ಬೆಳೆ ಏಳುತ್ತದೆ. ಬರಹಗಾರರು ಯಾಕೋ ಮೊದಲನೆಯದನ್ನಷ್ಟೇ ಕಲಿತರು.

ಎರಡನೆಯದನ್ನು ಕಲಿತವರೂ ಕನ್ನಡದಲ್ಲಿ ಇದ್ದರು, ಅದೂ ದೂರದಲ್ಲೇನಲ್ಲ. ಕೊಪ್ಪಳ ಸಮ್ಮೇಳನದ ಅಧ್ಯಕ್ಷರಾಗಿದ್ದ ಸಿಂಪಿ ಲಿಂಗಣ್ಣನವರನ್ನೇ ತೆಗೆದುಕೊಳ್ಳಿ. ವಿಜಯಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಪಿ. ಧೂಲಾ ಎಂಬ ನಾಲ್ವರು ತರುಣರು ಜೊತೆಯಾದರು. ಬೀಸುವಾಗ, ಕುಟ್ಟುವಾಗ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಆಮೇಲೆ ‘ಜೀವನ ಸಂಗೀತ’, ‘ಮಲ್ಲಿಗೆ ದಂಡೆ’. ಅಂಚೆಯೇ ಸರಿಯಾಗಿ ಮುಟ್ಟದ ಹಳ್ಳಿಯವರ ಕೆಲಸ ಬೆಂಗಳೂರು, ಮೈಸೂರಿನ ಪಂಡಿತರವರೆಗೆ ತಲುಪಿದ್ದು ಹೇಗೆ? ನಾಲ್ವರೂ ‘ಹಲಸಂಗಿ ಗೆಳೆಯರು’ ಎಂಬ ಒಂದೇ ಹೆಸರಿನಲ್ಲಿ ನಿಂತರು. ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪು ಇತ್ತು, ಅದರ ನಂಟು ಇವರಿಗಿತ್ತು. ಆ ಗುಂಪಿನ ಕೇಳುಗರು, ಓದುಗರು ಹಲಸಂಗಿಗೂ ಓದುಗರಾದರು. ಧಾರವಾಡದ ಗೆಳೆಯರಿಗೂ ಇದರಲ್ಲಿ ಲಾಭವಿತ್ತು. ಬೇಂದ್ರೆಯವರ ಕಾವ್ಯ ಜನರ ಬಾಯಿಯ ಛಂದಸ್ಸಿನ ಹತ್ತಿರ ಇತ್ತು. ಆ ಛಂದಸ್ಸಿನ ಮೂಲವೇ ಅಚ್ಚಾಗಿ ಕೈಗೆ ಬಂದಾಗ ಆ ಕಾವ್ಯವನ್ನು ಓದುವ ಕಿವಿಯೂ ಹದಗೊಂಡಿತು. ಇಬ್ಬರೂ ಒಬ್ಬರನ್ನೊಬ್ಬರು ಹೊಗಳಿಕೊಂಡು ಸುಮ್ಮನಾಗಿದ್ದರೆ ಇದು ಆಗುತ್ತಿರಲಿಲ್ಲ. ಒಂದು ಕೊರಗನ್ನು ಮಾತ್ರ ಇಲ್ಲೇ ಹೇಳಿಬಿಡುತ್ತೇನೆ: ಸಂಗ್ರಹಿಸಿದವರ ಹೆಸರು ನಮ್ಮ ನಾಲಗೆಯ ಮೇಲಿದೆ, ಹಾಡಿದ ಹೆಣ್ಣುಮಕ್ಕಳ ಹೆಸರು ಇಲ್ಲ. ಹಂಚಿಕೊಳ್ಳುವ ಕೆಲಸದಲ್ಲೂ ಪಾಲು ಸಿಗದವರು ಇರುತ್ತಾರೆ.

ಇದಕ್ಕಿಂತ ಗಟ್ಟಿ ಉದಾಹರಣೆ ಮನೋಹರ ಗ್ರಂಥಮಾಲೆಯದು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಗೆಳೆಯರೊಡನೆ ಇದನ್ನು ಶುರುಮಾಡಿದರು. ಮೊದಲ ಪುಸ್ತಕ ಬೆಟಗೇರಿ ಕೃಷ್ಣಶರ್ಮರ ‘ಸುದರ್ಶನ’. ಹೆಸರೇ ಹೇಳುವಂತೆ ಇದು ಬಿಡಿ ಪುಸ್ತಕದ ವ್ಯಾಪಾರ ಆಗಿರಲಿಲ್ಲ, ಮಾಲೆ. ಓದುಗ ವರ್ಷದ ಚಂದಾ ಕಟ್ಟಬೇಕು, ಪುಸ್ತಕಗಳು ಮನೆಗೆ ಬರುತ್ತವೆ. ಈ ಏರ್ಪಾಡಿನ ಒಳಗುಟ್ಟು ಗಮನಿಸಿ. ಕಾದಂಬರಿಯ ರುಚಿಗೆ ಚಂದಾ ಕಟ್ಟಿದವನ ಮನೆಗೆ ನಾಟಕವೂ ಬರುತ್ತದೆ, ವಿಮರ್ಶೆಯೂ ಬರುತ್ತದೆ. ಹೆಸರಾದ ಲೇಖಕನನ್ನು ನಂಬಿ ಕೊಟ್ಟ ದುಡ್ಡಿನಲ್ಲಿ ಹೆಸರೇ ಕೇಳದ ಲೇಖಕ ಬಾಗಿಲು ತಟ್ಟುತ್ತಾನೆ. 1961ರಲ್ಲಿ ಇಪ್ಪತ್ತಮೂರರ ಗಿರೀಶ ಕಾರ್ನಾಡರ ‘ಯಯಾತಿ’ಯನ್ನು ಇದೇ ಮಾಲೆ ಪ್ರಕಟಿಸಿತು. 1965ರಲ್ಲಿ ಮಲೆನಾಡಿನ ಅನಂತಮೂರ್ತಿಯವರ ‘ಸಂಸ್ಕಾರ’ವೂ ಇಲ್ಲಿಂದಲೇ ಬಂತು. ಆ ವಯಸ್ಸಿನ ಕಾರ್ನಾಡರು ತಮ್ಮ ನಾಟಕವನ್ನು ತಾವೇ ಅಚ್ಚು ಹಾಕಿಸಿ ಮಾರಲು ಹೊರಟಿದ್ದರೆ ಎಷ್ಟು ಪ್ರತಿ ಹೋಗುತ್ತಿದ್ದವು? ಅವರಿಗೆ ಸಿಕ್ಕಿದ್ದು ಮೂರು ದಶಕ ಬೇರೆ ಬೇರೆ ಲೇಖಕರು ಕೂಡಿ ಬೆಳೆಸಿದ್ದ ಓದುಗರ ಬಳಗ.

ಗ್ರಂಥಮಾಲೆಯ ಕಚೇರಿಯಿದ್ದ ಅಟ್ಟದ ಮೇಲೆ ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಕೂತಿದ್ದರು ಎಂಬುದನ್ನು ಮರೆಯಬಾರದು. ಹಸ್ತಪ್ರತಿ ಬಂದರೆ ಓದಿ, ಆಗುವುದಾದರೆ ಆಗುತ್ತದೆ, ಆಗದಿದ್ದರೆ ಆಗುವುದಿಲ್ಲ ಎನ್ನುವವರು ಇದ್ದುದರಿಂದಲೇ ಓದುಗ ಕಣ್ಣು ಮುಚ್ಚಿ ಚಂದಾ ಕಟ್ಟುತ್ತಿದ್ದ. ಲೇಖಕರ ಸಹಕಾರ ಎಂದರೆ ಎಲ್ಲರೂ ಎಲ್ಲರ ಬರಹವನ್ನೂ ಮೆಚ್ಚುವುದು ಎಂಬ ತಿಳಿವಳಿಕೆ ನಮ್ಮಲ್ಲಿದೆ. ಹಾಗೆ ಮೆಚ್ಚಿದ ದಿನವೇ ಓದುಗ ಕೈಬಿಡುತ್ತಾನೆ. ನೀವು ಒಳ್ಳೆಯದೆಂದು ಕೈಗಿಟ್ಟ ಪುಸ್ತಕ ಎರಡು ಸಲ ಪೊಳ್ಳಾಗಿ ಕಂಡರೆ, ಮೂರನೆಯ ಸಲ ನೀವು ನಿಜವಾಗಿ ಒಳ್ಳೆಯದನ್ನೇ ಕೊಟ್ಟರೂ ಅವನು ತೆಗೆದುಕೊಳ್ಳುವುದಿಲ್ಲ.

ನೆರೆಯ ಕೇರಳದವರು ಇದನ್ನು ಸಂಸ್ಥೆಯಾಗಿಯೇ ಕಟ್ಟಿದರು. 1945ರಲ್ಲಿ ಕೋಟ್ಟಯಂನಲ್ಲಿ ಹನ್ನೆರಡು ಮಂದಿ ಲೇಖಕರು ನೂರಾ ಇಪ್ಪತ್ತು ರೂಪಾಯಿ ಬಂಡವಾಳ ಹಾಕಿ ಸಾಹಿತ್ಯ ಪ್ರವರ್ತಕ ಸಹಕಾರ ಸಂಘ ಹುಟ್ಟುಹಾಕಿದರು. ಹಾಲಿನ ಸೊಸಾಯಿಟಿ, ಪತ್ತಿನ ಸೊಸಾಯಿಟಿ ಇದ್ದ ಹಾಗೆ ಲೇಖಕರ ಸೊಸಾಯಿಟಿ. ಮಲಯಾಳಂ ಪುಸ್ತಕ ಪ್ರಕಟಣೆಯ ಚರಿತ್ರೆಯನ್ನು ಅದರ ಹೆಸರಿಲ್ಲದೆ ಬರೆಯಲು ಬರುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಸಹಕಾರಿ ಸಂಘಗಳಿಗೆ ಕೊರತೆಯಿಲ್ಲ, ಪುಸ್ತಕಕ್ಕೊಂದು ಸಂಘ ಮಾತ್ರ ಕಾಣೆ.

ಪುಸ್ತಕದ ಲೋಕದಲ್ಲಿ ಕಲಿಯದ ಪಾಠವನ್ನು ವೇದಿಕೆಯ ಲೋಕದಲ್ಲಿ ನಮ್ಮವರೇ ಚೆನ್ನಾಗಿ ಕಲಿತಿದ್ದಾರೆ. ಗಂಗಾವತಿಯ ಪ್ರಾಣೇಶರ ಹಾಸ್ಯಸಂಜೆ ಯಾರಿಗೆ ಗೊತ್ತಿಲ್ಲ? ಜನ ಬರುವುದು ಪ್ರಾಣೇಶರನ್ನು ಕೇಳಲು. ಆದರೆ ಅದೇ ವೇದಿಕೆಯಲ್ಲಿ ಬಸವರಾಜ ಮಹಾಮನಿ, ನರಸಿಂಹ ಜೋಶಿ ಅಂಥವರೂ ಮಾತಾಡುತ್ತಾರೆ. ಒಬ್ಬರ ಹೆಸರಿಗೆ ಬಂದ ಜನ ಇನ್ನಿಬ್ಬರ ಹೆಸರನ್ನೂ ಮನೆಗೆ ಒಯ್ಯುತ್ತಾರೆ. ಮುಂದೆ ಆ ಇನ್ನಿಬ್ಬರನ್ನೇ ಬೇರೆ ಊರಿನವರು ಕರೆಸುತ್ತಾರೆ. ಇದರಲ್ಲಿ ಪ್ರಾಣೇಶರ ಗಂಟೇನೂ ಹೋಗಲಿಲ್ಲ. ಮೂರು ಬಗೆಯ ಮಾತಿದ್ದರೆ ಸಂಜೆ ಬೇಸರವಾಗುವುದಿಲ್ಲ, ಮುಂದಿನ ವರ್ಷ ಮತ್ತೆ ಕರೆ ಬರುತ್ತದೆ. ಇನ್ನೂ ಒಂದು ದೊಡ್ಡ ಉಪಕಾರ ಅಲ್ಲಿ ನಡೆಯಿತು. ಹಾಸ್ಯ ಲೇಖಕ ಬೀಚಿಯವರು ತೀರಿಕೊಂಡದ್ದು 1980ರಲ್ಲಿ. ಅವರು ಸೃಷ್ಟಿಸಿದ ತಿಮ್ಮನನ್ನು ಪ್ರಾಣೇಶರು ಊರೂರಿಗೆ ಹೊತ್ತು ತಿರುಗಿದರು. ಬೀಚಿಯವರು ಹೋದ ಮೇಲೆ ಹುಟ್ಟಿದ ಹುಡುಗರು ತಿಮ್ಮನ ಮಾತಿಗೆ ಬಿದ್ದು ನಗುತ್ತಾರೆ, ಕೆಲವರಾದರೂ ಪುಸ್ತಕ ಹುಡುಕುತ್ತಾರೆ. ತೀರಿಕೊಂಡ ಲೇಖಕನಿಂದ ತಿರುಗಿ ಯಾವ ಬೆನ್ನುಡಿಯೂ ಬರುವುದಿಲ್ಲ. ಲೆಕ್ಕವಿಡದೆ ಕೊಟ್ಟದ್ದು ಎಂದರೆ ಇದು.

ಪೈಪೋಟಿ ಇದ್ದಲ್ಲಿ ಕೂಡುವುದು ಹೇಗೆ ಎಂದು ಕೇಳುವವರು ಒಮ್ಮೆ ಬಾದಾಮಿ ಬನಶಂಕರಿಯ ಜಾತ್ರೆಗೆ ಹೋಗಿಬರಬೇಕು. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ವಾರಗಟ್ಟಲೆ ಅಲ್ಲಿ ನಾಟಕ ಕಂಪನಿಗಳು ಒಂದರ ಪಕ್ಕ ಒಂದು ತಗಡಿನ ಥಿಯೇಟರು ಹಾಕಿ ಕೂತಿರುತ್ತವೆ. ಎಂಟು ಹತ್ತು ಕಂಪನಿ. ಒಂದರ ಮೈಕು ಇನ್ನೊಂದರ ಮೈಕನ್ನು ಮುಳುಗಿಸುತ್ತಿರುತ್ತದೆ. ಬುದ್ಧಿವಂತ ವ್ಯಾಪಾರಿ ಹೇಳುವ ಪ್ರಕಾರ ಇವರು ಒಬ್ಬರ ಹೊಟ್ಟೆಯ ಮೇಲೆ ಒಬ್ಬರು ಹೊಡೆದುಕೊಳ್ಳಬೇಕು. ಆಗುವುದು ಬೇರೆ. ಒಂದೇ ಕಂಪನಿ ಇದ್ದರೆ ಕುಷ್ಟಗಿಯಿಂದ, ಹನಮಸಾಗರದಿಂದ, ಯಲಬುರ್ಗಾದಿಂದ ಟ್ರ್ಯಾಕ್ಸ್ ಮಾಡಿಕೊಂಡು ಜನ ರಾತ್ರಿ ಅಷ್ಟು ದೂರ ಯಾಕೆ ಹೋಗಬೇಕು? ಹತ್ತು ಕಂಪನಿ ಇವೆ ಎಂದೇ ಹೋಗುತ್ತಾರೆ. ಒಂದರ ಟಿಕೆಟ್ ಸಿಗದಿದ್ದರೆ ಪಕ್ಕದ್ದಕ್ಕೆ ನುಗ್ಗುತ್ತಾರೆ. ಮೊದಲ ಆಟ ಒಂದರಲ್ಲಿ, ಎರಡನೆಯ ಆಟ ಇನ್ನೊಂದರಲ್ಲಿ ನೋಡುವ ಹುರುಪಿನವರೂ ಇದ್ದಾರೆ. ಓದು ಕೂಡ ಇಂಥದೇ ಚಟ. ಒಂದು ಕಥೆ ಓದಿದವನಿಗೆ ಇನ್ನೊಂದು ಬೇಕಾಗುತ್ತದೆ. ಒಬ್ಬ ಲೇಖಕ ವರ್ಷಕ್ಕೊಂದು ಪುಸ್ತಕ ಕೊಟ್ಟಾನು, ಉಳಿದ ಹನ್ನೊಂದು ತಿಂಗಳು ಆ ಓದುಗ ಏನು ಓದಬೇಕು? ಅವನ ಕೈಗೆ ನೆರೆಯವನ ಪುಸ್ತಕ ಕೊಟ್ಟರೆ ಚಟ ಉಳಿಯುತ್ತದೆ. ಕೊಡದಿದ್ದರೆ ಅವನು ರೀಲ್ಸ್ ನೋಡುತ್ತ ಕೂಡುತ್ತಾನೆ, ಮುಂದಿನ ವರ್ಷ ನಿಮಗೂ ಸಿಗುವುದಿಲ್ಲ.

ಈಗ ಸಹಕಾರದ ಬಗ್ಗೆ ಎಲ್ಲರೂ ತಪ್ಪುವ ಒಂದು ಲೆಕ್ಕ. ಕೊಪ್ಪಳದ ಒಂದೇ ಬಡಾವಣೆಯ ಐವರು ಕವಿಗಳು ಕೂಡಿದರು ಎನ್ನಿ. ಒಬ್ಬೊಬ್ಬರಿಗೂ ಎಂಬತ್ತು ಜನ ನಿಜವಾದ ಓದುಗರು ಇದ್ದಾರೆ ಎನ್ನಿ. ಕೂಡಿದರೆ ನಾನೂರು ಆಗಬೇಕಲ್ಲವೇ? ಆಗುವುದಿಲ್ಲ. ಆ ಐವರಿಗೂ ಇರುವವರು ಅದೇ ಎಂಬತ್ತು ಜನ: ಅದೇ ಕಾಲೇಜಿನ ಅಧ್ಯಾಪಕರು, ಅದೇ ಪರಿಷತ್ತಿನ ಸದಸ್ಯರು, ಅದೇ ಚಹಾದಂಗಡಿಯ ಗೆಳೆಯರು. ಐದು ಜನ ಕೂಡಿದರೂ ಅಷ್ಟೇ, ಐವತ್ತು ಜನ ಕೂಡಿದರೂ ಅಷ್ಟೇ. ಹತ್ತಿರದವರೊಡನೆ ಕೂಡುವುದು ಸುಲಭ ಮತ್ತು ನಿಷ್ಫಲ. ನಿಮ್ಮ ಓದುಗರನ್ನು ಕಂಡೇ ಇರದ ಲೇಖಕನೊಡನೆ ಕೂಡಿದರಷ್ಟೇ ಇಬ್ಬರಿಗೂ ಹೊಸ ಓದುಗ ಸಿಗುತ್ತಾನೆ. ಗ್ರಂಥಮಾಲೆಯ ಮೂಲಕ ಬೆಟಗೇರಿಯವರ ಓದುಗರಿಗೆ ‘ಸಂಸ್ಕಾರ’ದ ತೀರ್ಥಹಳ್ಳಿ ಸೀಮೆಯ ಅಗ್ರಹಾರದ ಕಥೆ ತಲುಪಿದ್ದು ಹಾಗೆ.

ನಮ್ಮ ಜಿಲ್ಲೆಗೆ ಈ ವಿಷಯದಲ್ಲಿ ದೊಡ್ಡ ಅನುಕೂಲವಿದೆ. ಹಳೆಯ ನಾಲ್ಕು ತಾಲ್ಲೂಕು ನಾಲ್ಕು ಲೋಕ. ಗಂಗಾವತಿಯಲ್ಲಿ ತುಂಗಭದ್ರೆಯ ಕಾಲುವೆ, ಬತ್ತದ ಗದ್ದೆ, ರೈಸ್ ಮಿಲ್ಲು, ಆಂಧ್ರದಿಂದ ಬಂದವರ ಕ್ಯಾಂಪುಗಳು. ಅಲ್ಲಿಯ ಕನ್ನಡದೊಳಗೆ ತೆಲುಗಿನ ಬನಿ ಇಳಿದಿದೆ. ಕುಷ್ಟಗಿ, ಯಲಬುರ್ಗಾ ಮಳೆ ನಂಬಿದ ಸೀಮೆ. ಜೋಳ, ಸಜ್ಜೆ, ಶೇಂಗಾ, ಮಳೆ ಕೈಕೊಟ್ಟರೆ ಗುಳೆ. ಕೊಪ್ಪಳ ಕಚೇರಿ ಕಾರ್ಖಾನೆಗಳ ಊರು. ಒಣಬೇಸಾಯದ ಮನೆಯ ಕಥೆ ಬರೆಯುವ ಕುಷ್ಟಗಿಯ ಹುಡುಗನನ್ನು ಗಂಗಾವತಿಯ ಬತ್ತದ ರೈತ ಓದಿಲ್ಲ. ಗದ್ದೆಗೆ ನಾಟಿ ಹಚ್ಚಲು ಬರುವ ಹೆಣ್ಣಾಳುಗಳು ಯಾವ ಊರಿನವರು ಎಂಬ ಮಾತಿನಿಂದಲೇ ಇಬ್ಬರಿಗೂ ಸಂಬಂಧವಿದೆ, ಓದಿನ ಸಂಬಂಧ ಮಾತ್ರ ಇಲ್ಲ. ಗುಳೆ ಹೋದವರು ಮಂಗಳೂರಿನ ಕಟ್ಟಡಗಳಲ್ಲಿ, ಗೋವೆಯಲ್ಲಿ, ಬೆಂಗಳೂರಿನ ತಗಡಿನ ಶೆಡ್ಡುಗಳಲ್ಲಿ ಇದ್ದಾರೆ. ಅವರ ಬಗ್ಗೆ ಯಲಬುರ್ಗಾದವನು ಊರಿನಲ್ಲಿ ಕೂತು ಬರೆಯುತ್ತಾನೆ, ಮಂಗಳೂರಿನವನು ಅಲ್ಲಿ ಕೂತು ಬರೆಯುತ್ತಾನೆ. ಇಬ್ಬರೂ ಸೇರಿ ಒಂದೇ ಪುಸ್ತಕ ಬರೆದರೆ ಕರಾವಳಿಯಲ್ಲೂ ಓದುತ್ತಾರೆ, ಇಲ್ಲೂ ಓದುತ್ತಾರೆ.

ಇನ್ನು ಕವಿ ಕವಿಯ ಜೊತೆಗೇ ಯಾಕೆ ಕೂಡಬೇಕು? ಗವಿಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಇಟಗಿಯಲ್ಲಿ 1112ರ ಮಹಾದೇವ ದೇವಾಲಯವಿದೆ. ಕಿನ್ನಾಳದಲ್ಲಿ ಬಣ್ಣದ ಮರದ ಗೊಂಬೆ ಮಾಡುವ ಚಿತ್ರಗಾರರ ಮನೆಗಳಿವೆ. ಶಾಸನ ಓದುವವರು, ಬೇಸಾಯದ ಬಗ್ಗೆ ಬರೆಯುವವರು, ತತ್ವಪದ ಕೂಡಿಹಾಕುವವರು ನಮ್ಮಲ್ಲಿ ಇದ್ದಾರೆ. ಅವರವರಿಗೆ ಅವರವರ ಓದುಗರಿದ್ದಾರೆ. ಗೊಬ್ಬರದಂಗಡಿಯಲ್ಲಿ ಕೂತು ದಾಳಿಂಬೆಯ ರೋಗದ ಬಗ್ಗೆ ಓದುವವನು ಕಥೆಯನ್ನೂ ಓದಿಯಾನು. ಅವನ ಕೈಗೆ ಕಥೆಯನ್ನು ಯಾರೂ ಕೊಟ್ಟಿಲ್ಲ, ಅಷ್ಟೇ.

ಆಕ್ಷೇಪಗಳು ಇವೆ, ಹಗುರವಾದವೇನಲ್ಲ. ಗುಂಪು ಕಟ್ಟಿದರೆ ಗುಂಪುಗಾರಿಕೆ ಬರುತ್ತದೆ ಎನ್ನುತ್ತಾರೆ. ಬರುತ್ತದೆ. ಕನ್ನಡದಲ್ಲಿ ಬಂದದ್ದನ್ನು ಕಣ್ಣಾರೆ ಕಂಡಿದ್ದೇವೆ. ಆದರೆ ಗುಂಪಿನಿಂದಲೇ ಕೆಲಸವಾದದ್ದನ್ನೂ ಕಂಡಿದ್ದೇವೆ. 1964ರಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಮೂವರೂ ಸೇರಿ ‘ಸಂಕ್ರಮಣ’ ತಂದರು. ಆಮೇಲೆ ಮೂವರ ದಾರಿ ಬೇರೆ ಬೇರೆಯಾಯಿತು. ದಾರಿ ಬೇರೆಯಾದದ್ದಕ್ಕೆ ಪತ್ರಿಕೆ ಮಾಡಿದ ಕೆಲಸ ಸುಳ್ಳಾಗಲಿಲ್ಲ. ಗುಂಪು ಕೆಡುವುದು ಹೊರಗಿನ ಓದುಗನಿಗೆ ಬಾಗಿಲು ಹಾಕಿಕೊಂಡಾಗ, ಒಳಗಿನವರು ಒಬ್ಬರಿಗೊಬ್ಬರು ಸತ್ಯ ಹೇಳುವುದನ್ನು ಬಿಟ್ಟಾಗ. ಇವೆರಡು ಆಗದಂತೆ ನೋಡಿಕೊಂಡರೆ ಗುಂಪು ಐದು ವರ್ಷದಲ್ಲಿ ಚೆದುರಿದರೂ ಚಿಂತೆಯಿಲ್ಲ.

ಒಳ್ಳೆಯ ಬರಹ ತನ್ನ ಓದುಗನನ್ನು ತಾನೇ ಹುಡುಕಿಕೊಳ್ಳುತ್ತದೆ, ಬರಹಗಾರ ಮಾರಾಟಕ್ಕೆ ಇಳಿಯಬಾರದು ಎಂಬುದು ಇನ್ನೊಂದು ಮಾತು. ಕೇಳಲು ಚೆಂದ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು, ಜಿ.ಪಿ. ರಾಜರತ್ನಂ ಚೀಲದಲ್ಲಿ ಪುಸ್ತಕ ಹೊತ್ತು ಮಾರಿದರು, ಬೇರೆಯವರದನ್ನೂ ಮಾರಿದರು. ಅವರ ಬರಹದ ಮಾನ ಅದರಿಂದ ಕಡಿಮೆಯಾಗಲಿಲ್ಲ. ಇನ್ನು, ಒಂದು ಕೃತಿಯೂ ಉಳಿಯದ ಆ ನಾಗಾರ್ಜುನ, ಜಯಬಂಧುಗಳು ಕೆಟ್ಟ ಬರಹಗಾರರಾಗಿದ್ದರೆಂದು ಯಾರಾದರೂ ಹೇಳಬಲ್ಲರೇ?

ದೊಡ್ಡ ಹೆಸರಿನವರು ಸಣ್ಣವರನ್ನು ನುಂಗುತ್ತಾರೆ ಎಂಬ ಅಂಜಿಕೆಯೇ ಇವೆಲ್ಲಕ್ಕಿಂತ ನಿಜವಾದದ್ದು. ಬೆಂಗಳೂರಿನ ಪ್ರಸಿದ್ಧರನ್ನು ಕರೆಸಿ, ಅವರ ಪಕ್ಕ ನಿಂತು ಫೋಟೊ ತೆಗೆಸಿಕೊಂಡರೆ ಅವರ ಓದುಗರು ನಮಗೆ ಬರುತ್ತಾರೆಂದು ನಂಬಿದವರು ಬಹಳ. ಬರುವುದಿಲ್ಲ. ಅವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುತ್ತಾರೆ, ನಿಮ್ಮ ಪುಸ್ತಕ ಚೀಲದ ತಳಕ್ಕೆ ಹೋಗುತ್ತದೆ. ತಮ್ಮ ಸಮಕ್ಕೆ ಇರುವವರೊಡನೆ, ಆದರೆ ತಮ್ಮ ಊರಿನವರಲ್ಲದವರೊಡನೆ ಕೂಡುವುದೇ ಲೇಸು. ಇಬ್ಬರಿಗೂ ಹಸಿವು ಒಂದೇ ಆಗಿರುವುದರಿಂದ ಇಬ್ಬರೂ ದುಡಿಯುತ್ತಾರೆ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆ ಬೇಡ, ಅನುದಾನದ ಅರ್ಜಿಯಂತೂ ಬೇಡವೇ ಬೇಡ. ಹಳೆಯ ನಾಲ್ಕೂ ತಾಲ್ಲೂಕಿನಿಂದ ಒಬ್ಬೊಬ್ಬರು, ಹೊರಗಿನ ಸೀಮೆಯಿಂದ ಒಬ್ಬರು, ಐದು ಜನ ಕೂಡಿ ವರ್ಷಕ್ಕೆ ಐದು ಪುಸ್ತಕ ತರಲಿ. ಐದಕ್ಕೂ ಸೇರಿ ಒಂದೇ ಚಂದಾ ಇರಲಿ. ಕುಷ್ಟಗಿಯ ಪುಸ್ತಕ ಗಂಗಾವತಿಯಲ್ಲಿ ಬಿಡುಗಡೆಯಾಗಲಿ, ಗಂಗಾವತಿಯದು ಯಲಬುರ್ಗಾದ ಹೈಸ್ಕೂಲಿನಲ್ಲಿ. ತನ್ನ ಊರಿನಲ್ಲಿ ತನ್ನ ಪುಸ್ತಕವನ್ನು ಯಾರೂ ಮಾರಬಾರದು, ಇನ್ನೊಬ್ಬರದನ್ನು ಮಾರಬೇಕು. ಇದು ನಾಚಿಕೆಯನ್ನೂ ಕಳೆಯುತ್ತದೆ: ತನ್ನ ಪುಸ್ತಕ ಕೊಳ್ಳಿ ಎನ್ನಲು ಹಿಂಜರಿಯುವವರು ಗೆಳೆಯನ ಪುಸ್ತಕ ಕೊಳ್ಳಿ ಎಂದು ಗಟ್ಟಿಯಾಗಿ ಹೇಳಬಲ್ಲರು. ಕೊಂಡವನ ಹೆಸರು, ಊರು, ಫೋನು ಒಂದು ವಹಿಯಲ್ಲಿ ಬರೆದಿಡಲಿ; ಆ ವಹಿ ಐವರಿಗೂ ಸೇರಿದ್ದು. ಕವಿಗೋಷ್ಠಿಗೆ ಹೋದರೆ ಒಂದು ತನ್ನ ಕವಿತೆ, ಒಂದು ಬೇರೆ ಊರಿನ ಕವಿಯದು ಓದಲಿ. ಸಂಘಟಕರು ಇದನ್ನೊಂದು ನಿಯಮ ಮಾಡಿದರೆ ತನ್ನ ಸರದಿ ಮುಗಿಸಿ ಪ್ರಮಾಣಪತ್ರ ಹಿಡಿದು ಬಸ್‌ಸ್ಟ್ಯಾಂಡಿಗೆ ಓಡುವವರೂ ಕಡಿಮೆಯಾದಾರು, ಯಾಕೆಂದರೆ ತನ್ನ ಕವಿತೆಯನ್ನು ಮುಂದೆ ಯಾರೋ ಓದುವವರಿದ್ದಾರೆ.

ಬನಶಂಕರಿಯ ತೇರಾದ ಮೇಲೆ ಬರುವುದು ಗವಿಮಠದ ಜಾತ್ರೆ. ಲಕ್ಷಗಟ್ಟಲೆ ಜನ ಕೂಡುತ್ತಾರೆ. ಅಲ್ಲಿ ಮಿರ್ಚಿ ಭಜಿಯ ಅಂಗಡಿ ಎಷ್ಟು, ಬಳೆಯ ಅಂಗಡಿ ಎಷ್ಟು! ನಮ್ಮ ನಾಲ್ಕು ಊರಿನ ಬರಹಗಾರರು ಕೂಡಿ ಒಂದು ಮೇಜು ಹಾಕಿ, ಒಬ್ಬರ ಪುಸ್ತಕವನ್ನು ಒಬ್ಬರು ಮಾರುತ್ತ ಕೂಡಲು ಯಾರ ಪರವಾನಗಿಗೆ ಕಾಯುತ್ತಿದ್ದೇವೋ ಗೊತ್ತಿಲ್ಲ. ಬರೆಯುವ ಗೆಳೆಯರಲ್ಲಿ ನನ್ನದೊಂದು ಅರಿಕೆ: ನಿಮ್ಮ ಮುಂದಿನ ಪುಸ್ತಕಕ್ಕೆ ನಿಮ್ಮ ಓಣಿಯವರಿಂದ ಮುನ್ನುಡಿ ಬರೆಸಬೇಡಿ. ನೀವು ಕಂಡಿರದ ಊರಿನ, ನಿಮ್ಮನ್ನು ಕಂಡಿರದ ಒಬ್ಬ ಬರಹಗಾರನಿಗೆ ಅದನ್ನು ಕಳಿಸಿ, ಅವನ ಪುಸ್ತಕ ತರಿಸಿಕೊಂಡು ಓದಿ. ಹಿಡಿಸಿದರೆ ಹತ್ತು ಪ್ರತಿ ನಿಮ್ಮ ಊರಿನಲ್ಲಿ ಮಾರಿಕೊಡಿ, ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದು ಅವನಿಗೇ ಬರೆಯಿರಿ.